ಬೆಳ್ಳಿಯ ಕಣ್ಣಿಗೆ ಬಿದ್ದ ಬೆಳ್ಳಿ

ಅಲ್ಜೀರಿಯದ ಹಳೆಯ ಛಾಯಾಚಿತ್ರಗಳನ್ನು ನೋಡುವಾಗ ಮುಖಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಬೆಳ್ಳಿ. ಹಣೆಯ ನಡುವೆ ಕೂತ ದುಂಡನೆಯ ಬಿಲ್ಲೆ, ಕಿವಿಯಿಂದ ಕೆನ್ನೆಯವರೆಗೆ ಇಳಿದ ದಪ್ಪ ಉಂಗುರಗಳು, ಎರಡು ಹೆಗಲ ಮೇಲೂ ಬಟ್ಟೆಯನ್ನು ಕಚ್ಚಿ ಹಿಡಿದ ತ್ರಿಕೋನದ ಪಿನ್ನುಗಳು, ಆ ಪಿನ್ನಿನಿಂದ ಈ ಪಿನ್ನಿಗೆ ಎದೆಯ ಮೇಲೆ ತೂಗುಬಿದ್ದ ಸರಪಳಿ, ಕೆಳಗೆ ಬರಿಗಾಲಿನ ಕಣಕಾಲಲ್ಲಿ ಖಲ್ಖಾಲ್ ಎಂಬ ಅಗಲವಾದ ಕಡಗ. ನೂರೈವತ್ತು ವರ್ಷದ ಹಿಂದಿನ ಯಾವುದೋ ಮಧ್ಯಾಹ್ನದ ಬಿಸಿಲನ್ನು ಇನ್ನೂ ಹೊರಗೆ ಚೆಲ್ಲುತ್ತಿರುವಂತೆ ಅವೆಲ್ಲ ಕಂದು ಬಣ್ಣಕ್ಕೆ ತಿರುಗಿದ ಕಾಗದದಿಂದ ಹೊಳೆಯುತ್ತವೆ. ನೋಡುತ್ತ ನೋಡುತ್ತ ಆ ಹೊಳಪಿನ ಹಿಂದಿನಿಂದ ಒಂದು ಹುಬ್ಬು, ಬಿಗಿದ ಒಂದು ತುಟಿ, ಕ್ಯಾಮೆರಾವನ್ನು ನೋಡಿಯೂ ನೋಡದ ಒಂದು ಜೋಡಿ ಕಣ್ಣು ಮೆಲ್ಲಗೆ ತೇಲಿ ಬರುತ್ತವೆ. ಆ ಹೊತ್ತಿಗೆ ನಾವು ಚಿತ್ರ ನೋಡುತ್ತಿದ್ದೇವೆ ಎಂಬುದು ಮರೆತು, ಯಾರದೋ ಎದುರು ಕೂತಿದ್ದೇವೆ ಅನ್ನಿಸತೊಡಗಿರುತ್ತದೆ.

ಆ ಚಿತ್ರವೂ ಬೆಳ್ಳಿಯೇ ಎಂಬುದು ನೆನಪಾದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಛಾಯಾಗ್ರಾಹಕ ಫೆಲಿಕ್ಸ್ ಜಾಕ್ ಮೂಲಾಂ 1856-57ರಲ್ಲಿ ಅಲ್ಜೀರಿಯದ ಊರೂರು ಸುತ್ತಿದಾಗ, ಮುಂದೆ ಜಾನ್ ಗೈಸರ್ ಅಲ್ಜೀರ್ಸ್ ಪಟ್ಟಣದಲ್ಲಿ ಸ್ಟುಡಿಯೊ ಇಟ್ಟು ಕೂತಾಗ, ಗಾಜಿನ ಹಲಗೆಗೆ ಬಳಿದ ತೆಳು ಲೇಪದಲ್ಲಿ ಬೆಳಕಿಗಾಗಿ ಕಾದಿದ್ದದ್ದು ಬೆಳ್ಳಿಯ ಲವಣ. ಬೆಳಕು ತಾಗಿದ ಕಡೆ ಅದು ಕಪ್ಪಾಗಿ ನಿಲ್ಲುತ್ತದೆ, ತಾಗದ ಕಡೆ ತೊಳೆದು ಹೋಗುತ್ತದೆ. ಆಮೇಲೆ ಕಾಗದದ ಮೇಲೆ, ಮತ್ತೆ ಬೆಳ್ಳಿಯಲ್ಲೇ, ಕಪ್ಪು ಬಿಳಿಯಾಗಿ ಬಿಳಿ ಕಪ್ಪಾಗಿ ತಿರುಗಿ ಲೋಕ ತನ್ನ ಸರಿಯಾದ ಮುಖ ತೋರಿಸುತ್ತದೆ. ಅಲ್ಜೀರಿಯದ ಕಬೀಲಿಯ ಸೀಮೆಯ ಬೆಟ್ಟದೂರಿನಲ್ಲಿ ಅಕ್ಕಸಾಲಿಗನೊಬ್ಬ ಹಳೆಯ ನಾಣ್ಯಗಳನ್ನು ಕರಗಿಸಿ, ತಟ್ಟಿ, ತಿದ್ದಿ ಮಾಡಿದ ಒಡವೆ ಬಿಸಿಲಿಗೆ ಒಮ್ಮೆ ಮಿಂಚಿತು. ಆ ಮಿಂಚು ಮಸೂರವನ್ನು ಹಾದು ಕತ್ತಲೆಯ ಪೆಟ್ಟಿಗೆಯೊಳಗಿನ ಇನ್ನೊಂದು ಬೆಳ್ಳಿಯನ್ನು ಮುಟ್ಟಿತು. ಭೂಮಿಯ ಹೊಟ್ಟೆಯಿಂದ ಬಂದ ಒಂದೇ ಲೋಹ, ಒಂದು ಹೆಂಗಸಿನ ಎದೆಯ ಮೇಲೆ ಕೂತು ಹೊಳೆದದ್ದು, ಇನ್ನೊಂದು ಗಾಜಿನ ಮೇಲೆ ಕೂತು ಆ ಹೊಳಪನ್ನು ಕಂಡದ್ದು. ಅವೆರಡರ ನಡುವೆ ಆ ಹೆಂಗಸು ಉಸಿರು ಬಿಗಿಹಿಡಿದು ಕೆಲವು ಕ್ಷಣ ನಿಂತಿದ್ದಳು.

ಆದರೆ ಆ ಕಾಲದ ಹಲಗೆಗೆ ಕೆಂಪು ಕಾಣುತ್ತಿರಲಿಲ್ಲ. ನೀಲಿಯೆಂದರೆ ಅದಕ್ಕೆ ಬಿಳಿಯೇ. ಹೀಗಾಗಿ ಒಡವೆಯ ನಡುವಿನ ಕೆಂಪು ಹವಳ ಚಿತ್ರದಲ್ಲಿ ಕಪ್ಪು ಕಲ್ಲಾಗಿ ಕೂತಿದೆ, ಕಡುನೀಲಿಯ ಮೀನಾಕಾರಿ ಬಿಳಿಚಿಕೊಂಡಿದೆ, ಗಲ್ಲದ ಮೇಲಿನ ನೀಲಿ ಹಚ್ಚೆ ಮಂಜಿನಲ್ಲಿ ಕರಗಿದಂತೆ ಮಸುಕಾಗಿದೆ. ಕಬೀಲಿಯದ ಹೆಂಗಸರು ಸೊಂಟಕ್ಕೆ ಸುತ್ತುವ ಫೂತಾ ಎಂಬ ಪಟ್ಟೆ ಬಟ್ಟೆ ಕೆಂಪು, ಹಳದಿ, ಕಪ್ಪು ಬಣ್ಣಗಳಲ್ಲಿ ಉರಿಯುವಂಥದ್ದು. ಚಿತ್ರದಲ್ಲಿ ಅದರ ಕೆಂಪೂ ಕಪ್ಪೂ ಒಂದಾಗಿ ಬೂದಿ ಮುಚ್ಚಿದಂತಾಗಿದೆ. 1907ರಲ್ಲಿ ಲೂಮಿಯೇರ್ ಸೋದರರ ಆಟೊಕ್ರೋಮ್ ಹಲಗೆ ಪೇಟೆಗೆ ಬಂದ ಮೇಲಷ್ಟೇ, ಬಣ್ಣ ಹಾಕಿದ ಆಲೂಗೆಡ್ಡೆ ಪಿಷ್ಟದ ಕಣಗಳ ಮೂಲಕ ಸೋಸಿ ಬಂದ ಬೆಳಕಿನಲ್ಲಿ, ಆ ನಾಡಿನ ಕೆಂಪು ಅಲ್ಲೊಂದು ಇಲ್ಲೊಂದು ಚಿತ್ರದಲ್ಲಿ ಕಣ್ಣು ತೆರೆಯಿತು. ಅದಕ್ಕೂ ಹಿಂದಿನ ಚಿತ್ರಗಳ ಮುಂದೆ ಕೂತವರು ಬಣ್ಣವನ್ನು ತಾವೇ ತುಂಬಿಕೊಳ್ಳಬೇಕು. ಈ ಕೆಲಸ ನನಗೆ ಪ್ರಿಯ. ಒಂದು ಕಪ್ಪು ಚುಕ್ಕೆಯ ಮೇಲೆ ಕಣ್ಣು ನೆಟ್ಟು, ಇದು ಹವಳ, ಇದು ಕೆಂಪು, ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಹೋದರೆ ಸ್ವಲ್ಪ ಹೊತ್ತಿಗೆ ಆ ಚುಕ್ಕೆ ನಿಜವಾಗಿಯೂ ಒಳಗಿನಿಂದ ಬೆಚ್ಚಗಾಗುತ್ತ ಬರುತ್ತದೆ.

ಆ ಹವಳ ಬಂದದ್ದು ಕಡಲಿನಿಂದ. ಅಲ್ಜೀರಿಯದ ಪೂರ್ವದ ತುದಿಯಲ್ಲಿ, ಟುನೀಸಿಯದ ಗಡಿಯ ಹತ್ತಿರ, ಎಲ್ ಕಾಲಾ ಎಂಬ ಪುಟ್ಟ ಬಂದರಿದೆ. ಹವಳ ಹುಡುಕುವ ದೋಣಿಗಳು ಶತಮಾನಗಳ ಕಾಲ ಅಲ್ಲಿಂದ ಹೊರಟವು. ಎರಡು ತೊಲೆಗಳನ್ನು ಅಡ್ಡಡ್ಡ ಕಟ್ಟಿ, ತುದಿಗಳಿಗೆ ಹರಕು ಬಲೆಗಳನ್ನು ಜೋಲು ಬಿಟ್ಟು, ಭಾರ ಹಾಕಿ ಆಳಕ್ಕೆ ಇಳಿಸಿ ಬಂಡೆಗಳ ಮೇಲೆ ಎಳೆದರೆ, ನೀರಿನ ಕತ್ತಲೆಯಲ್ಲಿ ಬೆಳೆದ ಕೆಂಪು ಕೊಂಬೆಗಳು ಮುರಿದು ಬಲೆಗೆ ಸಿಕ್ಕಿಕೊಂಡು ಮೇಲೆ ಬರುತ್ತಿದ್ದವು. ಆ ಕೊಂಬೆ ವರ್ಷಕ್ಕೆ ಒಂದು ಮಿಲಿಮೀಟರಿನಷ್ಟೂ ದಪ್ಪವಾಗುವುದಿಲ್ಲ. ಕಿರುಬೆರಳ ಗಾತ್ರದ ಒಂದು ಹವಳದ ತುಂಡು ಅಕ್ಕಸಾಲಿಗನ ಕೈಗೆ ಬರುವ ಮೊದಲು, ಅದರ ಮೇಲೆ ಎಷ್ಟು ಹಡಗುಗಳ ನೆರಳು ಹಾದುಹೋಗಿರಬೇಕು, ಎಷ್ಟು ಸುಲ್ತಾನರು ಎದ್ದು ಬಿದ್ದಿರಬೇಕು! ಆ ಕಡಲಿನ ಹವಳ ನಮಗೂ ಪರಕೀಯವಲ್ಲ. ರೋಮಿನ ಹೆಂಗಸರಿಗೆ ಭಾರತದ ಮುತ್ತು ಎಷ್ಟು ಪ್ರಿಯವೋ ಭಾರತದವರಿಗೆ ಹವಳ ಅಷ್ಟೇ ಪ್ರಿಯವೆಂದು ರೋಮನ್ ಲೇಖಕ ಪ್ಲಿನಿ ಕ್ರಿ.ಶ. ಮೊದಲ ಶತಮಾನದಲ್ಲೇ ದಾಖಲಿಸಿದ್ದಾನೆ, ಮತ್ತು ಮೆಡಿಟರೇನಿಯನ್ ಹವಳ ಹಡಗೇರಿ ನಮ್ಮ ಕರಾವಳಿಗಳಿಗೆ ಬರುವುದು ಆಮೇಲೂ ನಿಲ್ಲಲಿಲ್ಲ. ಕರಿಮಣಿಯ ನಡುನಡುವೆ ಹವಳ ಪೋಣಿಸಿಕೊಂಡ ನಮ್ಮ ಅಜ್ಜಿಯೊಬ್ಬರ ಕೊರಳಿಗೂ ಕಬೀಲಿಯದ ಜುರ್ಜುರಾ ಬೆಟ್ಟದ ಕೆಳಗಿನ ಯಾವುದೋ ಅಜ್ಜಿಯ ಎದೆಗೂ ಒಂದೇ ನೀರಿನ ನೆಂಟಸ್ತಿಕೆ ಇದ್ದಿರಬಹುದು.

ಜುರ್ಜುರಾದ ಎದುರಿನ ಏಣುಗಳ ಮೇಲಿನ ಅತ್ ಯೆನ್ನಿ ಊರುಗಳು ಬೆಳ್ಳಿ ಕೆಲಸಕ್ಕೆ ಹೆಸರಾದವು. ಅಲ್ಲಿನ ಕೆಲಸ ನೋಡಲು ಸರಳ, ಮಾಡಲು ಪ್ರಾಣ ಹಿಂಡುವಂಥದ್ದು. ಬೆಳ್ಳಿ ತಗಡಿನ ಮೇಲೆ ಬೆಳ್ಳಿ ತಂತಿಯನ್ನು ಬಗ್ಗಿಸಿ ಬೆಸುಗೆ ಹಾಕಿ ಪುಟ್ಟ ಪುಟ್ಟ ಮನೆಗಳನ್ನು ಕಟ್ಟುತ್ತಾರೆ. ನುಣ್ಣಗೆ ಅರೆದ ಗಾಜಿನ ಪುಡಿಯನ್ನು ಒದ್ದೆ ಮಾಡಿ ಒಂದೊಂದೇ ಮನೆಗೆ ತುಂಬುತ್ತಾರೆ. ಆಮೇಲೆ ಕುಲುಮೆಗೆ ಒಡ್ಡುತ್ತಾರೆ. ಮಂಕಾಗಿದ್ದ ಪುಡಿ ಬೆಂಕಿಯಲ್ಲಿ ಕರಗಿ, ಆರುವಾಗ ಕಡುನೀಲಿಯಾಗಿ, ಎಲೆಹಸಿರಾಗಿ, ಗಟ್ಟಿ ಹಳದಿಯಾಗಿ ಕಣ್ಣು ಬಿಡುತ್ತದೆ. ಹವಳಕ್ಕೆ ಬೆಂಕಿ ಆಗದು. ಎಲ್ಲ ತಣ್ಣಗಾದ ಮೇಲೆ, ಕೊನೆಯ ಅತಿಥಿಯ ಹಾಗೆ, ತನಗೆಂದು ಬಿಟ್ಟ ಬೆಳ್ಳಿಯ ಬಟ್ಟಲಲ್ಲಿ ಬಂದು ಕೂರುತ್ತದೆ. ಹೀಗೆ ಹುಟ್ಟುವ ಒಡವೆಗಳಲ್ಲಿ ದೊಡ್ಡದು ತಬ್ಜಿಮ್ತ್, ತಟ್ಟೆಯ ಹಾಗೆ ದುಂಡಗಿನ ಭಾರದ ಪಿನ್ನು. ಗಂಡುಮಗು ಹೆತ್ತ ತಾಯಿ ಅದನ್ನು ಹಣೆಗೇರಿಸುತ್ತಿದ್ದಳು. ಇಲ್ಲವಾದರೆ ಅದು ಎದೆಯ ಮೇಲೇ ಇರುತ್ತಿತ್ತು. ಹಣೆಯ ಮೇಲೆ ಅದನ್ನು ಹೊತ್ತು ನಿಂತವಳ ಚಿತ್ರ ನೋಡುವಾಗ ಅವಳ ಸಂತೋಷದಲ್ಲಿ ನಾನೂ ಪಾಲುಗೊಳ್ಳುತ್ತೇನೆ, ಹಾಗೆಯೇ ಹೆಣ್ಣು ಹೆತ್ತದ್ದಕ್ಕೆ ಬರಿದಾಗಿ ಉಳಿದ ಹಣೆಗಳೂ ನೆನಪಾಗಿ ಗಂಟಲು ಕಟ್ಟುತ್ತದೆ. ಎರಡೂ ಒಟ್ಟಿಗೇ ಬರುತ್ತವೆ, ಒಂದನ್ನು ಬಿಟ್ಟು ಒಂದನ್ನು ನೋಡಲಾಗುವುದಿಲ್ಲ.

ಈ ತಬ್ಜಿಮ್ತ್‌ಗಳಲ್ಲಿ ಹಲವಕ್ಕೆ ಬೆನ್ನಲ್ಲೂ ಮೀನಾಕಾರಿ ಇರುತ್ತದೆ. ಮುಂದೆ ಹವಳಗಳ ಗದ್ದಲ. ಹಿಂದೆ, ಬಟ್ಟೆಗೆ ಒತ್ತಿಕೊಳ್ಳುವ ಬದಿಯಲ್ಲಿ, ನೀಲಿ ಹಸಿರಿನ ಶಾಂತವಾದ ಅಂಗಳ. ಧರಿಸಿದವಳಿಗೇ ಕಾಣದ, ಎದುರಿನವರಿಗೂ ಕಾಣದ ಆ ಬದಿಗೆ ಅಕ್ಕಸಾಲಿಗ ಅಷ್ಟು ಹೊತ್ತು ಯಾಕೆ ಬಾಗಿ ಕೂತ? ಯಾವ ಕ್ಯಾಮೆರಾಕ್ಕೂ ಅದು ಸಿಗಲಿಲ್ಲ. ಚಿತ್ರದಲ್ಲಿ ನಾವು ನೋಡುವ ಪ್ರತಿಯೊಂದು ಬಿಲ್ಲೆಯ ಹಿಂದೆಯೂ ಅಂಥದ್ದೊಂದು ಬಣ್ಣದ ಮೌನ, ಉಸಿರಾಡುವ ಎದೆಗೆ ಆತುಕೊಂಡು ಇದ್ದಿರಬಹುದು ಎಂದು ನೆನೆದರೆ ಸಾಕು, ಪೂಜೆಯ ಹೊತ್ತಿನಲ್ಲಿ ಗರ್ಭಗುಡಿಯ ಕಡೆ ಮುಖ ಮಾಡಿ ನಿಂತಾಗ ಆಗುವಂಥದ್ದೇನೋ ನನಗೆ ಆಗುತ್ತದೆ.

ಅಲ್ಜೀರ್ಸಿನ ಹಳೆಯ ಪೇಟೆ ಕಸ್ಬಾದ ಚಿತ್ರಗಳಲ್ಲಿ ಬೆಳ್ಳಿ ಕಾಣುವುದಿಲ್ಲ, ಬಟ್ಟೆ ಕಾಣುತ್ತದೆ. ಕಡಲಿನಿಂದ ಬೆಟ್ಟಕ್ಕೆ ಏರುವ ಇಕ್ಕಟ್ಟಾದ ಮೆಟ್ಟಿಲ ಬೀದಿ, ಮೇಲೆ ಮುಂದಕ್ಕೆ ಬಾಗಿ ಒಂದನ್ನೊಂದು ಮುಟ್ಟುವಂತಿರುವ ಮನೆಗಳು, ಅವುಗಳ ನಡುವಿನ ಕಿರುಸಂದಿಯಲ್ಲಿ ಇಳಿದ ಒಂದು ಪಟ್ಟಿ ಬಿಸಿಲು, ಆ ಬಿಸಿಲಿಗೆ ಸರಿಯಾಗಿ ಬಂದು ನಿಂತ ಬಿಳಿ ಹಾಯಿಕ್. ಹೊಲಿಗೆಯೇ ಇಲ್ಲದ ಉದ್ದನೆಯ ಬಟ್ಟೆ, ಉಣ್ಣೆಯದು, ಇದ್ದವರಿಗೆ ರೇಷ್ಮೆಯದು. ತಲೆಯಿಂದ ಇಳಿದು, ತೋಳ ಮೇಲೆ ಮಡಿಸಿ, ಸೊಂಟದಲ್ಲಿ ಸಿಕ್ಕಿಸಿ, ಗದ್ದದ ಕೆಳಗೆ ಒಳಗಿನಿಂದ ಒಂದು ಕೈ ಹಿಡಿದುಕೊಂಡಿರುತ್ತದೆ. ಮೂಗಿನ ಕೆಳಗೆ ಅಜಾರ್ ಎಂಬ ಕಸೂತಿ ಅಂಚಿನ ಪುಟ್ಟ ಮುಸುಕು. ಎರಡು ಕೈಯಲ್ಲೂ ಸಾಮಾನಿದ್ದರೆ ಹಾಯಿಕಿನ ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡು ನಡೆಯಬೇಕು. ದಕ್ಷಿಣದ ಮ್ಝಾಬ್ ಕಣಿವೆಯ ಘರ್ದಾಯಾದಲ್ಲಿ ಮದುವೆಯಾದ ಹೆಂಗಸರ ಬಿಳಿ ಬಟ್ಟೆಯಿಂದ ಒಂದೇ ಒಂದು ಕಣ್ಣು ಹೊರಗೆ. ಪೂರ್ವದ ಕಾನ್‌ಸ್ಟಂಟೈನಿನಲ್ಲಿ ಬಿಳಿಯ ಬದಲು ಕಪ್ಪು ಮ್ಲಾಯಾ, 1792ರಲ್ಲಿ ಕೊಲ್ಲಲ್ಪಟ್ಟ ಸಾಲಹ್ ಬೇ ಎಂಬ ಆಳರಸನಿಗಾಗಿ ಹಿಡಿದ ಶೋಕ ಅದು ಎಂದು ಜನ ಹೇಳಿಕೊಂಡು ಬಂದಿದ್ದಾರೆ. ಹಾಯಿಕಿನ ಒಳಗೆ ಏನಿದೆಯೆಂದು ಆಳುತ್ತಿದ್ದ ಫ್ರೆಂಚರಿಗೆ ತಿಳಿಯುತ್ತಿರಲಿಲ್ಲ. 1954ರಿಂದ 1962ರವರೆಗಿನ ಸ್ವಾತಂತ್ರ್ಯದ ಯುದ್ಧದಲ್ಲಿ ಅದರೊಳಗೆ ಆಯುಧಗಳೂ ಸಾಗಿದವು. ಆದರೆ ಚಿತ್ರಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬಿಳಿಯ ಆ ಮಡಿಕೆಗಳು. ಬೆಳಕು ಒಂದು ನಿರಿಗೆಯಿಂದ ಇನ್ನೊಂದಕ್ಕೆ ಇಳಿಯುತ್ತದೆ, ಗುಳಿಯಲ್ಲಿ ನಿಂತು ಬೂದುಬಣ್ಣವಾಗುತ್ತದೆ, ಮತ್ತೆ ಏಣಿನ ಮೇಲೆ ಏರಿ ಬೆಳ್ಳಗಾಗುತ್ತದೆ. ಹೆಜ್ಜೆ ಹಾಕಿದ ಕಡೆ ಅಂಚು ಸ್ವಲ್ಪ ಅಲುಗಿ ಹೊಗೆಯಂತಾಗಿದೆ. ಹಲಗೆ ತೆರೆದಿದ್ದ ಅಷ್ಟು ಕಾಲ ಅವಳು ನಿಂತುಕೊಳ್ಳಲಿಲ್ಲ, ಮನೆಗೆ ಹೋಗುವ ಅವಸರವಿತ್ತು. ಆ ಒಂದು ಚೂರು ಹೊಗೆಯಲ್ಲಿ ಅವಳ ಇಡೀ ಸಂಜೆ ಇದೆ.

ಈ ಚಿತ್ರಗಳೆಲ್ಲ ಪ್ರೀತಿಯಿಂದ ತೆಗೆದವಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. 1830ರಲ್ಲಿ ಫ್ರೆಂಚರು ಅಲ್ಜೀರ್ಸನ್ನು ಹಿಡಿದ ಮೇಲೆ ಬಂದ ಕ್ಯಾಮೆರಾ ಅದು. ‘ದೃಶ್ಯಗಳು ಮತ್ತು ಮಾದರಿಗಳು’ ಎಂಬ ತಲೆಬರಹದಲ್ಲಿ ರಾಶಿ ರಾಶಿ ಅಂಚೆ ಕಾರ್ಡುಗಳು ಅಚ್ಚಾಗಿ ಸಮುದ್ರ ದಾಟಿದವು. ಬಡ ಹೆಣ್ಣುಮಕ್ಕಳನ್ನು ಸ್ಟುಡಿಯೊಗೆ ಕರೆಸಿ, ಬಾಡಿಗೆ ಒಡವೆ ಹಾಕಿಸಿ, ಕೆಲವೊಮ್ಮೆ ಮೈಮೇಲಿನ ಬಟ್ಟೆ ಸರಿಸಿ, ಅಂತಃಪುರವೆಂದು ಮಾರಿದರು. ಒಬ್ಬಳೇ ಹುಡುಗಿ ಒಂದು ಕಾರ್ಡಿನಲ್ಲಿ ಒಂದು ಸೀಮೆಯವಳು, ಇನ್ನೊಂದರಲ್ಲಿ ಬೇರೊಂದು ಸೀಮೆಯವಳು. ಕವಿ ಮಾಲೆಕ್ ಅಲ್ಲುಲಾ 1981ರಲ್ಲಿ ಈ ಕಾರ್ಡುಗಳನ್ನೇ ಸಾಲಾಗಿ ಜೋಡಿಸಿ ಪುಸ್ತಕ ಮಾಡಿ, ಅವನ್ನು ಕಳಿಸಿದವರಿಗೇ ಹಿಂದಿರುಗಿಸುವಂತೆ ಬರೆದ. ಅದನ್ನು ಓದಿದ ಮೇಲೆ ಈ ಚಿತ್ರಗಳನ್ನು ನಿರಾಳವಾಗಿ ನೋಡುವುದು ಸಾಧ್ಯವಿಲ್ಲ, ಆಗಬಾರದು ಕೂಡ. ಆದರೂ ನೋಡುತ್ತೇನೆ. ಛಾಯಾಗ್ರಾಹಕ ಕೇಳದೇ ಇದ್ದದ್ದು ಏನಾದರೂ ಅಲ್ಲಿ ಉಳಿದಿದೆಯೇ ಎಂದು ಹುಡುಕುತ್ತೇನೆ. ಉಳಿದಿರುತ್ತದೆ. ಪರದೆಯ ಮೇಲಿನ ಬಣ್ಣದ ತೋಟದ ಮುಂದೆ ಕೂತವಳ ಅಂಗಾಲಿನ ಬಿರುಕು. ಬೀಸುಕಲ್ಲು ತಿರುಗಿಸಿ ದಪ್ಪಗಾದ ಬೆರಳ ಗೆಣ್ಣು. ಗೋರಂಟಿ ಅರ್ಧ ಅಳಿಸಿದ ಉಗುರು. ಬಾಡಿಗೆಯ ಒಡವೆಗಳ ಸಾಲಿನ ನಡುವೆ ನೂಲಿನಲ್ಲಿ ಕಟ್ಟಿದ ಒಂದು ಪುಟ್ಟ ತಾಯಿತ, ಅದು ಮಾತ್ರ ಅವಳದೇ ಇರಬೇಕು.

ಮದುವೆಯ ಉಡುಗೆಗಳ ಮುಂದೆ ಮನಸ್ಸು ಸ್ವಲ್ಪ ಹಗುರಾಗುತ್ತದೆ. ಅಲ್ಜೀರ್ಸಿನ ಕರಾಕೂ, ಚಿನ್ನದ ದಾರದ ಕಸೂತಿಯಿಂದ ಬಿಗುವಾದ ಮಖಮಲ್ಲಿನ ನಡುವಂಗಿ. ಕಾನ್‌ಸ್ಟಂಟೈನಿನ ಗಂದೂರಾ, ನೆಲಕ್ಕೆ ಮುಟ್ಟುವ ಮಖಮಲ್ಲು, ಅದರ ತುಂಬ ಬಂಗಾರದ ಬಳ್ಳಿ. ಎಲ್ಲಕ್ಕಿಂತ ನಿಧಾನವಾಗಿ ನೋಡಬೇಕಾದದ್ದು ಪಶ್ಚಿಮದ ತ್ಲೆಮ್ಸೆನ್ ಪಟ್ಟಣದ ಶೆದ್ದಾ, 2012ರಲ್ಲಿ ಯುನೆಸ್ಕೊ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿದ ವಧುವಿನ ಉಡುಗೆ. ತವರುಮನೆಯಲ್ಲಿ ಹೆಂಗಸರೆಲ್ಲ ಸುತ್ತ ನೆರೆದಿರುತ್ತಾರೆ. ಹೊನ್ನಿನ ಬಣ್ಣದ ರೇಷ್ಮೆ ಉಟ್ಟವಳ ಅಂಗೈಗೆ ಗೋರಂಟಿ. ಹಿರಿಯಳೊಬ್ಬಳು ಕಸೂತಿಯ ಕಫ್ತಾನ್ ತೊಡಿಸಿ, ತಲೆಗೆ ಮೊನಚಾದ ಟೋಪಿಯಿಟ್ಟು, ಒಡವೆ ಒಂದೊಂದಾಗಿ ಏರಿಸುತ್ತಾಳೆ. ಎದೆಯಿಂದ ಹೊಟ್ಟೆಯವರೆಗೆ ಸಾಲುಸಾಲಾಗಿ ಮುತ್ತು, ಅದು ಬರೀ ಚೆಲುವಿಗಲ್ಲ, ಒಳಗಿನ ಜೀವದ ಅಂಗಗಳನ್ನು ಕೆಟ್ಟ ಶಕ್ತಿಗಳಿಂದ ಕಾಯುವುದಕ್ಕೆ. ಆಮೇಲೆ ಮೇಲೊಂದು ಹೊನ್ನಿನ ಮುಸುಕು. ಮದುವೆಮನೆಯಲ್ಲಿ ಮುತ್ತೈದೆಯೊಬ್ಬಳು ಬಂದು ಅವಳ ಕೆನ್ನೆಗಳಿಗೂ ಕೆಳತುಟಿಗೂ ಕೆಂಪು ಮತ್ತು ಬೆಳ್ಳಿಯ ವೃತ್ತಗಳನ್ನು ಬರೆದ ಮೇಲಷ್ಟೇ ಮುಸುಕು ಸರಿಯುತ್ತದೆ. ಅಷ್ಟೊಂದು ಭಾರದ ಕೆಳಗೆ ಒಂದು ಎಳೆಯ ಮುಖ, ಸುತ್ತಲಿನ ಹೆಂಗಸರೆಲ್ಲ ತಮ್ಮ ಭಯವನ್ನೂ ಹಾರೈಕೆಯನ್ನೂ ಮಣಿ ಮಣಿಯಾಗಿ ಪೋಣಿಸಿ ಅವಳ ಮೇಲೆ ಹೊದಿಸಿದಂತೆ.

ಹಬ್ಬದ ಉಡುಗೆಗಿಂತಲೂ ನನ್ನನ್ನು ಹೆಚ್ಚು ಕರೆಯುವುದು ಕೆಲಸದ ದಿನಗಳ ಚಿತ್ರಗಳು. 1930ರ ದಶಕದಲ್ಲಿ ತೆರೆಜ್ ರಿವಿಯೇರ್, ಜೆರ್ಮೇನ್ ತಿಲ್ಲಿಯೋಂ ಎಂಬ ಇಬ್ಬರು ಯುವತಿಯರು ಪ್ಯಾರಿಸ್ಸಿನ ಮ್ಯೂಸಿಯಮ್ಮಿನ ಪರವಾಗಿ ಅಲ್ಜೀರಿಯದ ಔರೆಸ್ ಬೆಟ್ಟಗಳಿಗೆ ಹೋಗಿ ಶಾವಿಯಾ ಜನರ ನಡುವೆ ಬಹುಕಾಲ ಇದ್ದರು. ಅಂಗಡಿಗೆ ಬೇಕಾದ ಮಾದರಿಗಳನ್ನು ಹುಡುಕದೆ, ಜನ ತಮ್ಮ ಪಾಡಿಗೆ ಮಾಡುವ ಕೆಲಸದ ಪಕ್ಕದಲ್ಲಿ ಅವರು ಕಾದರು. ಇಂಥ ಚಿತ್ರಗಳಲ್ಲಿ ಹೆಗಲ ಪಿನ್ನು ತನ್ನ ನಿಜವಾದ ಕೆಲಸ ಮಾಡುತ್ತಿರುತ್ತದೆ. ಮೆಲ್ಹ್ಫಾ ಎಂಬ ಸುತ್ತುಬಟ್ಟೆ ನಿಂತಿರುವುದೇ ಆ ಪಿನ್ನಿನ ಮೇಲೆ. ಹೆಂಗಸು ಬಾಗಿದರೆ ಅದು ತೂಗುತ್ತದೆ, ಮಗುವನ್ನು ಬೆನ್ನಿಗೆ ಕಟ್ಟಿದರೆ ಓರೆಯಾಗುತ್ತದೆ, ಮಗುವಿನ ಮುಷ್ಟಿ ಅದನ್ನು ಹಿಡಿದು ಜಗ್ಗುತ್ತದೆ. ಅಗಲವಾದ ಮರದ ತಟ್ಟೆಯ ಮುಂದೆ ಕೂತು, ರವೆಗೆ ನೀರು ಚಿಮುಕಿಸಿ, ಅಂಗೈಯಗಲ ಬಿಚ್ಚಿ ಸುತ್ತ ಸುತ್ತ ಉಜ್ಜಿ ಕುಸ್ಕುಸ್ ಕಾಳು ಕಟ್ಟುವಾಗ ಕೈಬಳೆಗಳು ತಟ್ಟೆಯ ಅಂಚಿಗೆ ತಾಗುತ್ತಿದ್ದ ಸದ್ದು ಚಿತ್ರದಲ್ಲಿ ಇಲ್ಲ, ಆದರೆ ಕೈಯ ಸುತ್ತ ಇರುವ ಮಸುಕಿನಿಂದ ಆ ಸದ್ದಿನ ತಾಳ ಊಹೆಗೆ ಸಿಗುತ್ತದೆ.

ಕಬೀಲಿಯದ ಹಳೆಯ ಮನೆಯ ಬಾಗಿಲು ಪೂರ್ವಕ್ಕೆ. ಬಾಗಿಲಿನೆದುರು ಗೋಡೆಗೆ ಆನಿಸಿ ನಿಲ್ಲಿಸಿದ ಮಗ್ಗ, ಹೊರಗಿನ ಬೆಳಕು ನೇರವಾಗಿ ಬಂದು ತಾಗುವುದು ಅದಕ್ಕೇ. ಮನೆಯ ಉಳಿದ ಭಾಗವೆಲ್ಲ ಮಬ್ಬು. 1950ರ ದಶಕದ ಕೊನೆಯಲ್ಲಿ ಅಲ್ಜೀರಿಯದಲ್ಲಿದ್ದು ತಾನೂ ಚಿತ್ರ ತೆಗೆಯುತ್ತಿದ್ದ ಸಮಾಜಶಾಸ್ತ್ರಜ್ಞ ಪಿಯೆರ್ ಬೋರ್ದ್ಯು ಈ ಮನೆಯನ್ನು ಗೋಡೆ ಗೋಡೆಯಾಗಿ, ನೆರಳು ಬೆಳಕುಗಳ ಲೆಕ್ಕದಲ್ಲಿ ವಿವರಿಸಿದ್ದಾನೆ. ಆ ಮಗ್ಗಕ್ಕೆ ಜೀವವಿದೆಯೆಂದು ಅಲ್ಲಿನ ಹೆಂಗಸರು ನಂಬಿದ್ದರು. ಹಾಸು ಏರಿಸಿದ ದಿನ ಅದು ಹುಟ್ಟುತ್ತದೆ, ನೇಯುತ್ತ ಹೋದಂತೆ ಬೆಳೆಯುತ್ತದೆ, ಬಟ್ಟೆ ಮುಗಿದು ಕೊಯ್ಯುವ ದಿನ ಸಾಯುತ್ತದೆ. ಸಾಯುವವರ ಬಾಯಿಗೆ ನೀರು ಬಿಡುವಂತೆ ಕೊಯ್ಯುವ ಮುಂಚೆ ಅದರ ಮೇಲೆ ನೀರು ಚಿಮುಕಿಸುತ್ತಿದ್ದರು. ಗಂಡಸರ ಹೆಗಲ ಮೇಲೆ ಗಂಭೀರವಾಗಿ ಇಳಿಬಿದ್ದ ಬುರ್ನೂಸ್ ಎಂಬ ಬಿಳಿ ಮೇಲಂಗಿ ಕಂಡಾಗಲೆಲ್ಲ ಈಗ ನನಗೆ ಅದರ ಹಿಂದಿನ ಆ ನಾಲ್ಕು ಹನಿ ನೀರು ಕಾಣುತ್ತದೆ. ಚಳಿಗಾಲದ ಎಷ್ಟೋ ಬೆಳಗುಗಳು, ತಾಯಿ ಮಗಳು ಅಕ್ಕಪಕ್ಕ ಕೂತು ಹೊಕ್ಕು ತೂರಿಸಿ ಕಬ್ಬಿಣದ ಹಣಿಗೆಯಿಂದ ಬಡಿದು ಬಡಿದು ಕೂರಿಸಿದ ಬಟ್ಟೆ ಅದು, ಒಂದು ಬದುಕನ್ನು ಬದುಕಿ ಮುಗಿಸಿಯೇ ಮೈಮೇಲೆ ಬಂದದ್ದು.

ಇನ್ನು ಮಾರ್ಕ್ ಗಾರಾಂಜೆ ತೆಗೆದ ಮುಖಗಳು. 1960ರಲ್ಲಿ ಆತ ಫ್ರೆಂಚ್ ಸೇನೆಗೆ ಕಡ್ಡಾಯವಾಗಿ ಸೇರಿಸಿಕೊಂಡ ಸೈನಿಕ. ಊರು ಬಿಡಿಸಿ ತಂದು ಬೇಲಿಯೊಳಗೆ ಕೂಡಿಹಾಕಿದ್ದ ಜನಕ್ಕೆ ಗುರುತಿನ ಚೀಟಿ ಬೇಕೆಂದು ಮೇಲಿನ ಅಧಿಕಾರಿಯ ಆಜ್ಞೆಯಾಯಿತು. ಹತ್ತು ದಿನಗಳಲ್ಲಿ ಸುಮಾರು 2000 ಜನರ ಚಿತ್ರ, ಹೆಚ್ಚಿನವರು ಹೆಂಗಸರು, ಮುಸುಕು ತೆಗೆಸಿ. ಮನೆಯ ಬಿಳಿ ಗೋಡೆಯ ಮುಂದೆ ಒಂದು ಮುಕ್ಕಾಲಿ, ಒಬ್ಬೊಬ್ಬರಾಗಿ ಬಂದು ಕೂರಬೇಕು. ಕೂದಲು ಕೆದರಿದೆ, ತಲೆವಸ್ತ್ರ ಹೆಗಲಿಗೆ ಜಾರಿದೆ. ಕಣ್ಣುಗಳು ಮಾತ್ರ ಎದುರಿಗಿರುವವನನ್ನು ಸುಡುತ್ತಿವೆ. ಆ ಹೊತ್ತಿಗೆ ಫಿಲ್ಮಿಗೆ ಎಲ್ಲ ಬಣ್ಣಗಳೂ ಕಾಣುತ್ತಿದ್ದವು. ಹಳೆಯ ಗಾಜಿನ ಹಲಗೆ ಮಸುಕು ಮಾಡಿದ್ದ ಹಚ್ಚೆಗಳು ಇಲ್ಲಿ ಸ್ಪಷ್ಟವಾಗಿವೆ, ಹಣೆಯ ನಡುವೆ ಒಂದು ಶಿಲುಬೆಯಂಥ ಗೀರು, ಗಲ್ಲದ ಮೇಲೆ ಚುಕ್ಕೆಗಳ ಒಂದು ಸಾಲು. ಕುತ್ತಿಗೆಯಲ್ಲಿ ಸರ, ಹೆಗಲಲ್ಲಿ ಪಿನ್ನು. ಮುಸುಕು ತೆಗೆಸಿದವರಿಗೆ ಇವು ಕಂಡೂ ಕಾಣಲಿಲ್ಲ. ತಾಯಂದಿರು, ಅವರ ತಾಯಂದಿರು, ಮಸಿ ಮತ್ತು ಸೂಜಿಯಿಂದ ಚರ್ಮದ ಮೇಲೆ ಬರೆಸಿ ಕೊಟ್ಟ ಒಡವೆ ಅದು, ಯಾವ ಆಜ್ಞೆಯೂ ಕಳಚಿಸಲಾರದ್ದು.

ಗಾರಾಂಜೆ ಆ ಚಿತ್ರಗಳನ್ನು 1982ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. 2004ರಲ್ಲಿ, ವಯಸ್ಸಾದ ಮೇಲೆ, ಚಿತ್ರಗಳನ್ನು ಹಿಡಿದುಕೊಂಡು ಅದೇ ಊರುಗಳಿಗೆ ಹೋಗಿ ಆ ಹೆಂಗಸರನ್ನು ಹುಡುಕಿದ. ಕೆಲವರು ತೀರಿಕೊಂಡಿದ್ದರು, ಕೆಲವರು ಸಿಕ್ಕರು. ಎಷ್ಟೋ ಮನೆಗಳಲ್ಲಿ ಅವರ ಯೌವನದ ಬೇರೆ ಚಿತ್ರವೇ ಇರಲಿಲ್ಲ. ಪಹರೆಗೆಂದು ತೆಗೆಸಿದ್ದ ಆ ಚಿತ್ರವನ್ನು ಮಕ್ಕಳು ಮೊಮ್ಮಕ್ಕಳು ಸುತ್ತ ನೆರೆದು ನೋಡಿದರು. ಅಮ್ಮ ಆಗ ಹೀಗಿದ್ದಳು ಎಂದು ಅವರಿಗೆ ಮೊದಲ ಸಲ ಗೊತ್ತಾಯಿತು.